ಪಾಳಿಯಲ್ಲಿ ಮರೆತ ಪೈಪು

ಬನಹಟ್ಟಿಯ ಗಿರಮಲ್ಲಪ್ಪನೂ ಅವನ ಹೆಂಡತಿ ದಾನಮ್ಮನೂ ಅಮಾವಾಸ್ಯೆಗೊಮ್ಮೆ ಮನೆ ಬದಲಿಸುತ್ತಿದ್ದರು. ದೂರವೇನಲ್ಲ, ಈ ಬಾಗಿಲಿನಿಂದ ಹೊರಬಿದ್ದು ಪಕ್ಕದ ಬಾಗಿಲು ಹೊಗುವುದು, ಅಷ್ಟೆ. ನಡುವೆ ಒಂದು ಗೋಡೆ. ಮಕ್ಕಳಿಬ್ಬರೂ ಬೇರೆಯಾದ ವರ್ಷ ಎದ್ದ ಗೋಡೆ ಅದು. ಪವರ್‌ಲೂಮ್ ಮಗ್ಗಗಳನ್ನು ಸರಿಪಾಲು ಮಾಡಿದರು, ಹಿತ್ತಾಳೆಯ ಹಂಡೆ ಒಬ್ಬನಿಗೆ, ತಾಮ್ರದ ಕೊಡ ಇನ್ನೊಬ್ಬನಿಗೆ ಎಂದರು. ಪಾಲು ಮಾಡಲಿಕ್ಕೆ ಬಾರದೆ ಉಳಿದವರು ಅಪ್ಪ ಮತ್ತು ಅವ್ವ. ಅವರಿಗೆ ಪಾಳಿ ಹಚ್ಚಿದರು: ಒಂದು ಅಮಾವಾಸ್ಯೆಯಿಂದ ಇನ್ನೊಂದರವರೆಗೆ ಹಿರಿಯ ಮಗ ಸುಭಾಷನ ಮನೆ, ಆಮೇಲೆ ಕಿರಿಯವ ಪರಮಾನಂದನ ಮನೆ. ಊರಿನಲ್ಲಿ ಹೀಗೆ ಪಾಳಿ ಉಣ್ಣುವ ಹಿರಿಯರು ಬೇಕಾದಷ್ಟು ಮಂದಿ ಇದ್ದುದರಿಂದ ದಾನಮ್ಮ ಅದನ್ನು ದೊಡ್ಡ ದುಃಖ ಮಾಡಿಕೊಳ್ಳಲಿಲ್ಲ. ಆದರೂ ಹಾಸಿಗೆ ಸುತ್ತಿಕೊಂಡು ಹೊರಡುವಾಗ ಪ್ರತಿ ಸಲವೂ ಅವಳಿಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಾಗದೆ ಹಾಸಿಗೆಯ ಹಗ್ಗವನ್ನೇ ಬಿಗಿಯಾಗಿ ಎಳೆದು ಕಟ್ಟುತ್ತಿದ್ದಳು.

ಪಾಳಿಯಿಂದ ಇಬ್ಬರು ಸೊಸೆಯರಿಗೆ ಒಂದು ಅನುಕೂಲವಿತ್ತು. ಮಾವನಿಗೆ ಏನೇ ಆದರೂ ತಪ್ಪು ಗೋಡೆಯಾಚೆಯ ಒಲೆಯದ್ದು.

ಆ ಚಳಿಗಾಲ ಮಾವನಿಗೆ ಹಿಡಿದದ್ದು ಉರಿಮೂತ್ರ. ಕಿರಿಯ ಸೊಸೆ ಕಸ್ತೂರಿಯ ಮನೆಯಲ್ಲಿ ಊಟಕ್ಕೆ ಕುಳಿತವನು ಅರ್ಧ ರೊಟ್ಟಿಗೆ ಎದ್ದ. ಬಂದು ಕುಳಿತ. ಝುಣಕಾ ಬಡಿಸುವಷ್ಟರಲ್ಲಿ ಮತ್ತೆ ಎದ್ದ.

"ಮತ್ತ ಎದ್ರೇನ್ರೀ ಮಾವಾ? ರೊಟ್ಟಿ ಆರಾಕತ್ತೈತಿ!"

"ಬಂದ್ನೆವಾ, ಬಂದ್ನಿ. ನೀ ರೊಟ್ಟಿ ಮ್ಯಾಲೊಂದ ತಾಟ ಮುಚ್ಚು," ಎಂದು ಗಿರಮಲ್ಲಪ್ಪ ಧೋತರ ಹಿಡಿದುಕೊಂಡು ಹಿತ್ತಿಲಿಗೆ ಓಡಿದ.

ಕಸ್ತೂರಿ ಅತ್ತೆಯ ಕಡೆ ತಿರುಗಿ, ಗೋಡೆಯಾಚೆಗೂ ಕೇಳಲಿ ಎಂಬಂತೆ ದನಿ ಏರಿಸಿದಳು. "ಅತ್ತೀ, ಇದು ಆ ಮನಿ ಖಾರದ ಪ್ರತಾಪ ನೋಡ್ರಿ. ತಿಂಗಳಪೂರ್ತಾ ಕೆಂಪಚಟ್ನಿ ತಿನ್ನಿಸಿ ಕಳಿಸ್ಯಾರ. ತಿನ್ನಿಸಿದ್ದು ಅಲ್ಲಿ, ಉರಿಯೋದು ಇಲ್ಲಿ!"

ಅವಳು ಮಾವನಿಗೆ ಬಾರ್ಲಿ ನೀರು ಕುದಿಸಿ ಕೊಟ್ಟಳು, ಮಜ್ಜಿಗೆ ಕುಡಿಸಿದಳು. ಅಮಾವಾಸ್ಯೆ ಬಂತು, ಹಾಸಿಗೆ ಗೋಡೆ ಸುತ್ತಿಕೊಂಡು ಹಿರಿಯ ಸೊಸೆ ರೇಷ್ಮಾಳ ಮನೆಗೆ ಬಂತು, ಉರಿಯೂ ಜೊತೆಗೇ ಬಂತು.

"ಅಯ್ಯ, ಹಿಂಗ್ಯಾಕ ಸೊರಗ್ಯಾರ ಮಾವಾ?" ಎಂದಳು ರೇಷ್ಮಾ. "ಬರೇ ಚಹಾ, ಬರೇ ಚಹಾ. ಒಂದ ತಂಬಿಗಿ ನೀರರೆ ಕೊಟ್ಟಾರೋ ಇಲ್ಲೋ ಅಲ್ಲೆ?" ಅವಳದು ಹುರುಳಿ ಕಟ್ಟಿನ ಉಪಚಾರ. ಗಿರಮಲ್ಲಪ್ಪ ಎರಡೂ ಕಡೆಯ ಉಪಚಾರ ಕುಡಿದು, ಎರಡೂ ಕಡೆ ತಲೆ ಆಡಿಸಿದ. ಮಗ್ಗದ ಸದ್ದಿನಲ್ಲಿ ಬದುಕು ಕಳೆದವನು. ಅರ್ಧ ಮಾತು ಕೇಳಿಸುತ್ತಿರಲಿಲ್ಲ, ಇನ್ನರ್ಧ ಕೇಳಿಸದಂತೆ ಇರುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು.

ದಾನಮ್ಮನಿಗೆ ಮಾತ್ರ ನಂಬಿಕೆ ಬರಲಿಲ್ಲ. ಖಾರಕ್ಕೆ ಉರಿ ಬರಬಹುದು, ಎಡಗಡೆಯ ಬೆನ್ನು ಯಾಕೆ ಹಿಡಿಯಬೇಕು? ಅವನು ಬಗ್ಗಿದರೆ ಸೊಂಟಕ್ಕೆ ಕೈ ಹೋಗುತ್ತಿತ್ತು. ನಕ್ಕರೂ ಹೋಗುತ್ತಿತ್ತು.

"ಏನ್ರೀ, ಮತ್ತ ಕಿಡ್ನ್ಯಾಗ ಹಳ್ಳ ಆಗಿರಬೇಕು ನಿಮಗ."

"ಹಳ್ಳ ತಗಿಸಿ ವರ್ಷದ ಮ್ಯಾಲಾತು. ಹಗಲೆಲ್ಲಾ ಎಲ್ಲಿಂದ ಬರತಾವ? ನಾ ಏನ ಹೊಳಿದಂಡಿ ಏನು?"

ಕಿಡ್ನಿಯಲ್ಲಿ ಹಳ್ಳು, ಅಂದರೆ ಕಲ್ಲು, ಆಗಿ ಅವನಿಗೆ ಆಪರೇಷನ್ ಆಗಿತ್ತು. ಆಗ ಮಕ್ಕಳು ಹೊಸದಾಗಿ ಬೇರೆಯಾಗಿದ್ದರು. ಸುಭಾಷನ ಪಾಳಿಯಲ್ಲಿ ಆಸ್ಪತ್ರೆಗೆ ಹೋಗಿ, ಹಳ್ಳು ಒಡೆಸಿಕೊಂಡು, ಸುಭಾಷನ ಪಾಳಿಯಲ್ಲೇ ಮನೆಗೆ ಬಂದಿದ್ದ. ಅಲ್ಲಿಗೆ ಅದು ಮುಗಿಯಿತೆಂದು ಎಲ್ಲರೂ ತಿಳಿದಿದ್ದರು.

ಲೋಕಾಪುರದಲ್ಲಿ ದಾನಮ್ಮನ ತಂಗಿ ಮುತ್ತವ್ವನ ಮೊಮ್ಮಗನಿಗೆ ಜವಳ. ಗಂಡಹೆಂಡತಿ ಇಬ್ಬರೂ ಬೆಳಿಗ್ಗೆಯ ಬಸ್ಸು ಹತ್ತಿದರು. ಕಬ್ಬಿನ ಟ್ರ್ಯಾಕ್ಟರುಗಳು ಓಡಾಡಿ ರಸ್ತೆಯನ್ನು ಉತ್ತುಬಿಟ್ಟಿದ್ದವು. ಹಿಂದಿನ ಸೀಟಿನಲ್ಲಿ ಪ್ರತಿ ತಗ್ಗಿಗೂ ಗಿರಮಲ್ಲಪ್ಪ "ಶಿವನೇ" ಎನ್ನುತ್ತಿದ್ದ. ಮುಧೋಳ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮೂತ್ರಕ್ಕೆ ಹೋಗಿ ಬಂದವನ ಮುಖ ಬಿಳಿಚಿಕೊಂಡಿತ್ತು.

"ಏ ದಾನಿ, ಕೆಂಪಗ ಬಂತು."

"ಏನ ಕೆಂಪಗ?"

"ರಕ್ತನ ಬಂತು ಅಂತೀನಿ."

ದಾನಮ್ಮ ಜವಳವನ್ನೂ ಬಿಟ್ಟಳು, ಕಾಣಿಕೆಗೆ ತಂದ ಅಂಗಿಯ ಚೀಲವನ್ನೂ ಅಲ್ಲೇ ಬಿಡುತ್ತಿದ್ದಳು. ಯಾರೋ ಕೂಗಿ ಕೊಟ್ಟರು. ಗಂಡನ ರಟ್ಟೆ ಹಿಡಿದು ರಸ್ತೆಯಾಚೆಯ ಆಸ್ಪತ್ರೆಗೆ ನಡೆಸಿದಳು. ಅಲ್ಲಿನ ಹುಡುಗ ಡಾಕ್ಟರು ಎಕ್ಸ್‌ರೇ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಅಜ್ಜಾರ, ಒಳಗ ಪೈಪ್ ಹಾಕ್ಯಾರಲ್ಲ, ತಗಿಸಿಲ್ಲೇನ್ರಿ?"

"ತಗದಾರ್ರೀ!" ಎಂದ ಗಿರಮಲ್ಲಪ್ಪ. "ಮನಿಗಿ ಕಳಿಸುವಾಗ ನರ್ಸಬಾಯಿ ತಗದ್ಲು. ಪೈಪೂ ತಗದ್ಲು, ಚೀಲಾನೂ ತಗದ್ಲು. ನಾ ಕಣ್ಣಾರೆ ನೋಡೇನಿ."

"ಅದು ಹೊರಗಿನ ಪೈಪ್ ರೀ. ಇದು ಒಳಗಿಂದು. ಸ್ಟೆಂಟ್ ಅಂತಾರ. ಕಿಡ್ನಿಯಿಂದ ಮೂತ್ರಚೀಲದ ತನಕ ದಾರಿ ಕಟ್ಟಬಾರದಂತ ಹಾಕಿರತಾರ. ಒಂದ ತಿಂಗಳಕ್ಕೋ, ಒಂದೂವರಿ ತಿಂಗಳಕ್ಕೋ ತಗಿಸಬೇಕಿತ್ತು."

"ನಮ್ಮ ಓಣಿ ಶಂಕರೆಪ್ಪನ ಎದಿಯಾಗೂ ಸ್ಟೆಂಟ್ ಹಾಕ್ಯಾರ್ರಿ. ಯಾರೂ ತಗದಿಲ್ಲ, ಆರಾಮ ಅದಾನ."

"ಅದು ಇರಾಕ ಹಾಕಿದ್ದು ಅಜ್ಜಾರ. ಇದು ತಗಿಯಾಕ ಹಾಕಿದ್ದು."

ದಾನಮ್ಮ ಎಕ್ಸ್‌ರೇ ಹತ್ತಿರ ಹೋಗಿ ನೋಡಿದಳು. ದಾರದಂಥ ಒಂದು ಗೆರೆ, ಎರಡೂ ತುದಿ ಸುರುಳಿ. ಬೋರಿನ ನೀರಿನ ನಳಕ್ಕೆ ಸುಣ್ಣ ಕಟ್ಟುವ ಹಾಗೆ ಆ ಸುರುಳಿಗಳಿಗೆ ಬೆಳ್ಳಗೆ ಗಂಟು ಕಟ್ಟಿತ್ತು. ಅಕ್ಷರ ಬಾರದ ಅವಳಿಗೆ ಅದನ್ನು ಯಾರೂ ಓದಿ ಹೇಳಬೇಕಾಗಲಿಲ್ಲ.

"ಈಗ ಎಳದ ತಗಿರಲ್ಲರೀ ಮತ್ತ?"

"ಎಳದ್ರ ಬರಂಗಿಲ್ಲಮ್ಮಾ. ಜೋರ ಮಾಡಿದ್ರ ಒಳಗ ಹರೀತೈತಿ. ಮೊದಲ ಹಳ್ಳ ಒಡೀಬೇಕು. ಬಾಗಲಕೋಟಿಗೆ ದೊಡ್ಡ ದವಾಖಾನಿಗೆ ಹೋಗ್ರಿ. ಇನ್ನೂ ತಡಾ ಮಾಡಿದ್ರ ಎಡಗಡೆ ಕಿಡ್ನಿನ ಹೋಗತೈತಿ."

ಮರಳಿ ಬರುವಾಗ ಗಿರಮಲ್ಲಪ್ಪನೂ ಮಾತಾಡಲಿಲ್ಲ. ದಾನಮ್ಮನಿಗೆ ಹೆದರಿಕೆಯಾಗಿತ್ತು. ಇಷ್ಟು ವರ್ಷದಲ್ಲಿ ಗಂಡ ಸುಮ್ಮನೆ ಕುಳಿತದ್ದನ್ನು ಅವಳು ನೋಡಿದ್ದೇ ಕಡಿಮೆ.

ಅಂಗಳದಲ್ಲಿ ಪಂಚಾಯ್ತಿ ಕೂಡಿತು. ಗೋಡೆಯ ಈ ಬದಿ ಸುಭಾಷ, ರೇಷ್ಮಾ. ಆ ಬದಿಯಿಂದ ಬಂದವರು ಪರಮಾನಂದ, ಕಸ್ತೂರಿ. ನಡುವೆ ಅಪರಾಧಿಯಂತೆ ಸ್ಟೂಲಿನ ಮೇಲೆ ಗಿರಮಲ್ಲಪ್ಪ.

"ಡಾಕ್ಟರು ನನಗ ಹೇಳಿದ್ರು, ಖರೆ," ಎಂದ ಸುಭಾಷ. "ಆದ್ರ ತಗಿಸೂ ದಿನಾ ಇವನ ಪಾಳಿಯಾಗ ಬರತಿತ್ತು. ಅಪ್ಪಗ ಹೇಳಿದ್ನಿ, ಆ ಮನಿಗಿ ಹೋದಾಗ ಹೇಳು ಅಂತ."

"ನನಗ ಯಾರೂ ಹೇಳಿಲ್ಲ," ಎಂದ ಪರಮಾನಂದ. "ನೀನರೆ ಹೇಳಬೇಕಿಲ್ಲ?"

"ಆವಾಗ ನೀ ನನ್ನ ಜೋಡಿ ಮಾತಾಡತಿದ್ದಿಲ್ಲ."

"ಮಾತಾಡಲಾರದವ ನೀನು. ಮಾತಾಡಲಾರದವನ ಜೋಡಿ ನಾ ಹ್ಯಾಂಗ ಮಾತಾಡಲಿ ಅಣ್ಣಾ?"

ಎಲ್ಲರ ಕಣ್ಣೂ ಸ್ಟೂಲಿನ ಕಡೆ ತಿರುಗಿದವು. ಗಿರಮಲ್ಲಪ್ಪ ಗಂಟಲು ಸರಿಮಾಡಿಕೊಂಡ. "ಸುಭಾಷ ಹೇಳಿದ್ದ. ನಾ ಅನಕೊಂಡ್ನಿ, ಪೈಪ್ ಆಗಲೇ ತಗದಾರ, ಪಾಪ ಇವಗ ಗೊತ್ತಿಲ್ಲಂತ."

ಕಸ್ತೂರಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹಿಡಿದಳು. ರೇಷ್ಮಾ ಮಾತ್ರ ಬೆರಳು ಮಡಿಸುತ್ತ ಲೆಕ್ಕ ಹಾಕುತ್ತಿದ್ದಳು.

"ಈಗ ಪಾಳಿ ನಮ್ಮದೈತಿ, ನಾವು ಕರಕೊಂಡ ಹೋಗತೇವಿ. ಆದ್ರ ಆಪರೇಷನ್ ಅಮಾಸಿ ದಾಟಿ ಹೋದ್ರ ಆವಾಗ ಅವರು—"

"ಬಾಯಿ ಮುಚ್ಚ!" ಎಂದಳು ದಾನಮ್ಮ. ಮಗ್ಗದ ಮನೆಯವರಿಗೆ ದನಿ ದೊಡ್ಡದೇ, ಆದರೆ ಅವಳ ಈ ದನಿಯನ್ನು ಸೊಸೆಯರು ಕೇಳಿರಲಿಲ್ಲ. "ಕಿಡ್ನಿಗೆ ಅಮಾಸಿ ಗೊತ್ತೈತೇನವಾ? ಹುಣ್ಣಿವಿ ಗೊತ್ತೈತೇನು? ನಾಳಿಗೆ ಇಬ್ರೂ ಬರ್ರಿ. ಒಬ್ಬಾವ ಇತ್ತಾಗ ಹಿಡಿ, ಒಬ್ಬಾವ ಅತ್ತಾಗ ಹಿಡಿ. ನಿಮ್ಮಪ್ಪಗೂ ಎರಡ ಕೈ ಅದಾವ."

ಬಾಗಲಕೋಟೆಯ ಡಾಕ್ಟರು ಯಶೋಧರಾ ಎಂಬ ಹೆಣ್ಣುಮಗಳು. ರಕ್ತ, ಮೂತ್ರ, ಸ್ಕ್ಯಾನು ಎಲ್ಲ ಮಾಡಿಸಿ ಸುಭಾಷ, ಪರಮಾನಂದ ಇಬ್ಬರನ್ನೂ ಎದುರು ಕೂರಿಸಿಕೊಂಡರು. ಎಡಗಡೆಯ ಕಿಡ್ನಿ ದಣಿದಿದೆ, ಕೆಲಸ ಬಿಟ್ಟಿಲ್ಲ ಎಂದರು. ಒಳಗೆ ಕೀವು ಇದೆ, ಮೊದಲು ಅದಕ್ಕೆ ಔಷಧ. ಆಮೇಲೆ ಕೆಳಗಿನ ತುದಿಯ ಹಳ್ಳು ಒಡೆಯುವುದು. ಮತ್ತೊಂದು ಸಲ ಬೆನ್ನ ಕಡೆಯಿಂದ ಹೋಗಿ ಮೇಲಿನ ತುದಿಯದು. ಪೈಪು ಹೊರಗೆ ಬರುವುದು ಆಮೇಲೆ. ಅಷ್ಟರವರೆಗೆ ಕಿಡ್ನಿ ತಾಳಿಕೊಳ್ಳಬೇಕು.

"ತಾಳಕೊಳ್ಳತೈತೇನ್ರಿ ಬಾಯಾರ?" ಎಂದು ದಾನಮ್ಮ ಹಿಂದಿನಿಂದ ಕೇಳಿದಳು.

"ನೋಡೂಣಮ್ಮಾ. ಇಷ್ಟ ದಿನಾ ತಾಳೈತಿ, ಗಟ್ಟಿ ಮನಷ್ಯಾ ಅದಾರ."

ಆ ವಾರಗಳಲ್ಲಿ ಎರಡು ಮನೆಯ ಬದುಕು ಕಲಸುಮೇಲೋಗರವಾಯಿತು. ಸುಭಾಷ ಆಸ್ಪತ್ರೆಯಲ್ಲಿದ್ದರೆ ಅವನ ಮಗ್ಗಗಳನ್ನು ಪರಮಾನಂದ ನಡೆಸಬೇಕು, ಇವನು ಹೋದರೆ ಅವನು. ಗೋಡೆ ಸುತ್ತಿ ಹೋಗಿ ಹೋಗಿ ಕಾಲುದಾರಿಯೇ ಬಿತ್ತು. "ಅಣ್ಣಾ, ನಿನ್ನ ಬಾಜೂದ ಮಗ್ಗ ಎಳಿ ಹರಿಯಾಕತ್ತೈತಿ, ಇಷ್ಟ ದಿನಾ ಹಂಗ ನೇದೀಯೇನು?" ಎಂದು ತಮ್ಮ ಫೋನಿನಲ್ಲಿ ಬೈದ. "ನಿಂದೇನ ಭಾರಿ, ಅಂಚ ನೋಡ್ಕೊ ಮೊದಲ," ಎಂದು ಅಣ್ಣ ತಿರುಗಿ ಬೈದ. ಬೈಗುಳವಾದರೂ ಇಷ್ಟು ಮಾತನ್ನು ಅವರು ಆಡಿಕೊಂಡು ಬಹಳ ದಿನವಾಗಿತ್ತು. ಕೇಳಿಸಿಕೊಂಡ ದಾನಮ್ಮನಿಗೆ ಒಳಗೊಳಗೇ ಖುಷಿಯಾಯಿತು.

ಡಬ್ಬಿಯ ಊಟವೂ ಎರಡೂ ಮನೆಯಿಂದ ಬಂತು. ಒಂದು ಮಧ್ಯಾಹ್ನ ಇಬ್ಬರು ಸೊಸೆಯರೂ ಆಸ್ಪತ್ರೆಯ ಪಡಸಾಲೆಯಲ್ಲಿ ಎದುರುಬದುರಾದರು. ಮಾವನಿಗೆ ಗಂಜಿ ಮಾತ್ರ ಎಂದು ನರ್ಸು ಹೇಳಿದ್ದರಿಂದ ತಂದದ್ದನ್ನು ತಾವೇ ಉಣ್ಣಬೇಕಾಯಿತು. ರೇಷ್ಮಾ ಕಸ್ತೂರಿಯ ಡಬ್ಬಿಯ ಪುಂಡಿಪಲ್ಯ ಬಾಯಿಗಿಟ್ಟು, ಮತ್ತೊಂದು ತುತ್ತು ತೆಗೆದುಕೊಂಡಳು.

"ಇಷ್ಟ ಛಲೋ ಮಾಡತಿ. ಮಾವಗ ಉರಿಯೋ ಅಂಥಾದ್ದೇನೂ ಇಲ್ಲಲ್ಲ ಇದರಾಗ."

"ನಿಮ್ಮ ಚಟ್ನಿಯಾಗೂ ಇಲ್ಲಕ್ಕಾ. ಪೈಪನ್ಯಾಗಿತ್ತು ಖಾರ," ಎಂದಳು ಕಸ್ತೂರಿ. ಇಬ್ಬರೂ ಬಿದ್ದುಬಿದ್ದು ನಕ್ಕರು. ನರ್ಸು ಬಂದು ಗದರಿಸಬೇಕಾಯಿತು.

ಮೊದಲ ಆಪರೇಷನ್ ಸುಸೂತ್ರವಾಯಿತು. ಎರಡನೆಯದು ತಡವಾಯಿತು. ಬಾಗಿಲ ಮುಂದೆ ಕುಳಿತ ದಾನಮ್ಮ ಯಾರು ಚಹಾ ತಂದರೂ ಕುಡಿಯಲಿಲ್ಲ. ಹರಕೆ ಹೊತ್ತಳು, ಗಂಡನನ್ನು ಬೈದಳು, ಮತ್ತೆ ಹರಕೆ ಹೊತ್ತಳು. ಹೊರಗೆ ಬಂದ ಡಾಕ್ಟರು ಒಂದು ಸಣ್ಣ ಬಾಟಲಿ ತೋರಿಸಿದರು. ಅದರೊಳಗೆ ಸುಣ್ಣದ ಕಡ್ಡಿಯಂತಾಗಿದ್ದ ಪೈಪು, ಪುಡಿಪುಡಿ ಹಳ್ಳು.

"ಪೂರಾ ಬಂತಮ್ಮಾ. ಕಿಡ್ನಿ ಉಳದೈತಿ."

ದಾನಮ್ಮ ಅಲ್ಲೇ ನೆಲದ ಮೇಲೆ ಕುಳಿತು ಅತ್ತಳು. ಆಮೇಲೆ ಪಕ್ಕದಲ್ಲಿ ಆರಿಹೋಗಿದ್ದ ಚಹಾ ಎತ್ತಿಕೊಂಡು ಕುಡಿದಳು.

ಎಚ್ಚರವಾದ ಮೇಲೆ ಗಿರಮಲ್ಲಪ್ಪ ಬಾಟಲಿ ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದ. "ಎರಡೂ ಮನಿ ಊಟಾ ಉಂಡೈತಿ ಮಗಂದು. ಅದಕ್ಕ ಇಷ್ಟ ದಪ್ಪ ಆಗೈತಿ," ಎಂದ. ಅವನ ಬಾಯಿ ತಿರುಗಿ ಶುರುವಾದದ್ದು ನೋಡಿ ಮಕ್ಕಳಿಗೆ ಜೀವ ಬಂತು.

ಆದರೆ ಡಾಕ್ಟರು ಇನ್ನೊಂದು ಮಾತು ಹೇಳಿದರು. ಒಳಗೆ ಗಾಯ ಮಾಯುವವರೆಗೆ ಹೊಸ ಪೈಪು ಹಾಕಿದ್ದೇವೆ, ಬರುವ ತಿಂಗಳು ಇದನ್ನು ತೆಗೆಯಲೇಬೇಕು. "ಈ ಸಲ ಯಾರು ನೆನಪ ಇಟ್ಕೋತೀರಿ?"

ಸುಭಾಷ ಪರಮಾನಂದನ ಮುಖ ನೋಡಿದ. ಪರಮಾನಂದ ಸುಭಾಷನ ಮುಖ ನೋಡಿದ.

"ನಾ," ಎಂದಳು ದಾನಮ್ಮ.

"ಓದಾಕ ಬರತೈತೇನಮ್ಮಾ ನಿಮಗ? ತಾರೀಖ ಬರದ ಕೊಡತೇನಿ."

"ಓದಾಕ ಬರಂಗಿಲ್ಲರೀ. ಮರಿಯಾಕೂ ಬರಂಗಿಲ್ಲ. ಬಾಯಿಲೆ ಹೇಳ್ರಿ."

ಮನೆಗೆ ಬಂದ ಕೆಲವು ದಿನಕ್ಕೆ ಅಮಾವಾಸ್ಯೆ. ರೇಷ್ಮಾ ರೂಢಿಯಂತೆ ಹಾಸಿಗೆ ಸುತ್ತಿ ಬಾಗಿಲಿಗೆ ತಂದಿಟ್ಟಳು, ಆಚೆಯಿಂದ ಪರಮಾನಂದ ಒಯ್ಯಲು ಬಂದ. ದಾನಮ್ಮ ಅವನ ಕೈಯಿಂದ ಹಾಸಿಗೆ ಕಸಿದು ತಲೆಯ ಮೇಲಿಟ್ಟುಕೊಂಡು, ಅವನ ಮನೆಗೂ ಹೋಗದೆ, ಮಗ್ಗದ ಮನೆಯ ಹಿಂದಿದ್ದ ನೂಲಿನ ಕೋಣೆಗೆ ನಡೆದಳು. ಗೋಡೆ ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಆ ಕೋಣೆ ಇಬ್ಬರಿಗೂ ಸೇರಿದ್ದು. ನೂಲಿನ ಮೂಟೆಗಳನ್ನು ಒಂದು ಮೂಲೆಗೆ ಸರಿಸಿ ಅವಳು ಆಗಲೇ ಕಸ ಹೊಡೆದಿದ್ದಳು. ಕಿಟಕಿಯ ಹತ್ತಿರ ಒಂದು ಗ್ಯಾಸಿನ ಒಲೆ, ನಾಲ್ಕು ಪಾತ್ರೆ.

"ಇದೇನವಾ ಇದು?" ಎಂದು ಸುಭಾಷ ಓಡಿಬಂದ.

"ನಮ್ಮ ಮನಿ. ಇನ್ನ ಮ್ಯಾಲೆ ನಾವು ಇಲ್ಲೇ."

"ನಾವೇನ ಕಡಿಮಿ ಮಾಡೇವಿ ಅತ್ತೀ?" ಕಸ್ತೂರಿಯ ಕಣ್ಣು ತುಂಬಿತು.

"ಕಡಿಮಿ ಏನೂ ಮಾಡಿಲ್ಲವ್ವಾ. ಇಬ್ರೂ ಛಲೋ ನೋಡೀರಿ. ಆದ್ರ ಪ್ರತಿ ಅಮಾಸಿಗೆ ಆ ಮನಿಯಿಂದ ಈ ಮನಿಗೆ ಬರೂದ್ರಾಗ ಏನರೆ ಒಂದ ಮರತ ಹೋಗತೈತಿ. ಒಮ್ಮೆ ನನ್ನ ಚಸ್ಮಾ, ಒಮ್ಮೆ ಇವರ ಔಷಧ. ಹ್ವಾದ ಸಲ ಮರತದ್ದಕ್ಕ ಕಿಡ್ನಿನ ಹೋಗತಿತ್ತು. ಇವರ ಮೈಯ ಕಾಳಜಿ ಯಾರ ಪಾಳಿಯಾಗೂ ಬರಬಾರದು. ಅದು ನನ್ನ ಹತ್ರ ಇರಲಿ."

"ಜನಾ ಏನ ಅಂದಾರ? ಮಕ್ಕಳು ಹೊರಗ ಹಾಕಿದ್ರು ಅಂತಾರ," ಎಂದ ಪರಮಾನಂದ.

"ಅಂದ್ರ ಹೇಳು, ಅವ್ವನೇ ನಮ್ಮನ್ನ ಬಿಟ್ಟ ಹ್ವಾದ್ಲು ಅಂತ."

"ನನ್ನ ಒಂದ ಮಾತ ಕೇಳ್ರೆಲೇ," ಎಂದು ಗಿರಮಲ್ಲಪ್ಪ ಬಾಯಿ ಹಾಕಿದ.

"ನಿಮ್ಮನ್ನ ಕೇಳಿದ್ರ ಪೈಪ್ ಆಗಲೇ ತಗದಾರ ಅಂತೀರಿ. ಒಳಗ ಬರ್ರಿ," ಎಂದಳು ದಾನಮ್ಮ. ಅವನು ಒಳಗೆ ಬಂದ. ಆ ರಾತ್ರಿ ನುಚ್ಚು ಮಜ್ಜಿಗೆ ಉಂಡು, ಬಹಳ ದಿನದ ಮೇಲೆ ಯಾರ ಒಲೆಯನ್ನೂ ಹೊಗಳದೆ ಬಯ್ಯದೆ ನಿದ್ದೆ ಮಾಡಿದ.

ಸೊಸೆಯರಿಬ್ಬರೂ ಮೂರ್ನಾಲ್ಕು ದಿನ ಮುಖ ಊದಿಸಿಕೊಂಡರು. ಆಮೇಲೆ ರೇಷ್ಮಾ ಉಪ್ಪಿನಕಾಯಿ ತಂದಿಟ್ಟಳು, ಕಸ್ತೂರಿ ಜೋಳದ ಹಿಟ್ಟು ತಂದಿಟ್ಟಳು. ಕೂತು ಮಾತಾಡಲಿಕ್ಕೆ ನೂಲಿನ ಮೂಟೆಗಳು ಮೆತ್ತಗಿದ್ದವು. ದಿನಾ ಸಂಜೆ ಬರತೊಡಗಿದರು.

ಡಾಕ್ಟರು ಬಾಯಲ್ಲಿ ಹೇಳಿದ ದಿನ ಬಂತು. ದಾನಮ್ಮ ಯಾರಿಗೂ ಹೇಳದೆ ಗಂಡನನ್ನು ಕರೆದುಕೊಂಡು ಬಸ್ಸಿಗೆ ಹೊರಟರೆ, ಓಣಿಯ ತುದಿಯಲ್ಲಿ ಸುಭಾಷ ಕಾರು ಮಾಡಿಸಿಕೊಂಡು ನಿಂತಿದ್ದ. ಹಿಂದೆಯೇ ಪರಮಾನಂದ ಇನ್ನೊಂದು ಕಾರು ಮಾಡಿಸಿಕೊಂಡು ಬಂದ. ಒಂದನ್ನು ತಿರುಗಿ ಕಳಿಸಲಿಕ್ಕೆ ಅರ್ಧ ಗಂಟೆಯ ಜಗಳವಾಯಿತು.

ಪೈಪು ತೆಗೆಯುವುದು ಈ ಸಲ ತಡವೇನೂ ಆಗಲಿಲ್ಲ. ಮುಗಿಯಿತು, ಹೋಗಿ ಎಂದರೆ ದಾನಮ್ಮ ಬಾಗಿಲು ಬಿಟ್ಟು ಕದಲಲಿಲ್ಲ.

"ನನಗ ತೋರಸ್ರಿ ಬಾಯಾರ."

ಯಶೋಧರಾ ಡಾಕ್ಟರು ನಗುತ್ತ ಟ್ರೇಯಲ್ಲಿದ್ದ ಪೈಪನ್ನು ತೋರಿಸಿದರು. ತೆಳ್ಳಗೆ, ಸ್ವಚ್ಛವಾಗಿ, ಸುರುಳಿ ಸುತ್ತಿಕೊಂಡು ಬಿದ್ದಿತ್ತು.

"ಎರಡೂ ತುದಿ ತೋರಸ್ರಿ."

ಎರಡೂ ತುದಿ ತೋರಿಸಿದರು.

"ಒಳಗ ಇನ್ನ ಏನೂ ಉಳದಿಲ್ಲಲ್ಲ?"

"ಕಿಡ್ನಿ ಉಳದಾವಮ್ಮಾ, ಎರಡೂ. ಅವು ಅಲ್ಲೇ ಇರಲಿ ಬಿಡ್ರಿ."

ಮನೆಗೆ ಬರುವಷ್ಟರಲ್ಲಿ ಸೊಸೆಯರು ನೂಲಿನ ಕೋಣೆಯಲ್ಲೇ ಹೋಳಿಗೆ ಮಾಡಿಟ್ಟಿದ್ದರು. ಗಿರಮಲ್ಲಪ್ಪ ಎಲ್ಲರಿಗಿಂತ ಮೊದಲು ತಾಟಿನ ಮುಂದೆ ಕುಳಿತು, ಒಮ್ಮೆಯೂ ಏಳದೆ ಉಂಡ. ಸುಭಾಷ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಅವ್ವಾ, ಪೈಪ್ ಅಂತೂ ಹ್ವಾತು. ಬರೂ ಅಮಾಸಿಗೆ ನಮ್ಮ ಮನಿಗೆ ಬರ್ರಲ್ಲಾ."

"ಬರೂ ಅಮಾಸಿ ಹ್ಯಾಂಗ ನಿಂದಾಗತೈತಣ್ಣಾ? ನನ್ನ ಪಾಳಿ ಹಂಗ ಉಳದೈತಿ!" ಎಂದ ಪರಮಾನಂದ.

ದಾನಮ್ಮ ಹೋಳಿಗೆಯ ಬುಟ್ಟಿ ಕೆಳಗಿಟ್ಟಳು.

"ಸಣ್ಣವರಿದ್ದಾಗ ನಾ ನಿಮಗ ಪಾಳಿ ಹಚ್ಚಿದ್ದಿಲ್ಲ. ಇವತ್ತ ಇವಗ, ನಾಳಿಗೆ ಅವಗ ಅಂದಿದ್ದಿಲ್ಲ. ಇಬ್ರಿಗೂ ಒಮ್ಮೆಲೆ ಹಸಿವಿ ಆಗತಿತ್ತು, ಒಮ್ಮೆಲೆ ಹಾಕತಿದ್ನಿ. ಕುಂದರ್ರಿ."

ಇಬ್ಬರೂ ಅಪ್ಪನ ಎರಡೂ ಬದಿಗೆ ಕುಳಿತರು. ದಾನಮ್ಮ ಎರಡು ತಾಟಿಗೂ ಒಟ್ಟಿಗೇ ಬಡಿಸಿದಳು.